ಕಳೆದು ದೊರೆತ ಸಂತ

ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟವನಿಗೆ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ ಎಂಬ ಮೂರು ನದಿಗಳ ನೀರುಂಡು ಬೆಳೆದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆ ಹೊಗೆಸೊಪ್ಪಿನ ಹೊಲಗಳಿಂದಲೂ ಬತ್ತದ ಗದ್ದೆಗಳಿಂದಲೂ ಎಷ್ಟು ಪರಿಚಿತವೋ ದೇವಸ್ಥಾನಗಳ ವೈವಿಧ್ಯದಿಂದಲೂ ಅಷ್ಟೇ ಪರಿಚಿತವಾದುದು. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿ ನಿಂತಿದ್ದಾನೆ. ಬೆಟ್ಟದಪುರದ ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನನಿದ್ದಾನೆ. ಹಿಂದೆ ಎಡತೊರೆಯೆಂಬ ಹೆಸರಿದ್ದ ಕೃಷ್ಣರಾಜನಗರದಲ್ಲಿ ಅರ್ಕೇಶ್ವರನೂ ಚುಂಚನಕಟ್ಟೆಯ ಧುಮುಕುವ ಕಾವೇರಿಯ ಮಗ್ಗುಲಲ್ಲಿ ಕೋದಂಡರಾಮನೂ ನೆಲಸಿದ್ದಾರೆ. ಬೈಲುಕುಪ್ಪೆಯಲ್ಲಿ ಟಿಬೆಟ್ಟಿನಿಂದ ಬಂದ ಜನ ಸುವರ್ಣವರ್ಣದ ಬುದ್ಧನನ್ನು ಪ್ರತಿಷ್ಠಿಸಿಕೊಂಡಿದ್ದಾರೆ. ಇವರೆಲ್ಲರ ನಡುವೆ, ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯೆಂಬ ಗ್ರಾಮದಲ್ಲಿ, ಪೋರ್ಚುಗಲ್ಲಿನಲ್ಲಿ ಹುಟ್ಟಿ ಇಟಲಿಯಲ್ಲಿ ದೇಹವಿಟ್ಟ ಒಬ್ಬ ಕ್ರೈಸ್ತ ಸಂನ್ಯಾಸಿ ನಮ್ಮ ರೈತರ ಹರಕೆಗಳನ್ನು ಸ್ವೀಕರಿಸುತ್ತ ನಿಂತಿರುವುದು ಹೊರಗಿನವರಿಗೆ ಸೋಜಿಗವೆನಿಸಬಹುದಾದರೂ ಆ ಸೀಮೆಯವರಿಗೆ ಸೋಜಿಗವಲ್ಲ. ಅವರಿಗೆ ಆತ ಪಾದುವಾದ ಸಂತ ಅಂತೋಣಿಯಷ್ಟೇ ಅಲ್ಲ, ಡೋರನಹಳ್ಳಿಯ ಅಂತೋಣಿಯವರು.

ಅವರು ಅಲ್ಲಿಗೆ ಬಂದ ಬಗೆಯನ್ನು ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲವಾದರೂ ಕಥೆಯ ತಿರುಳು ಒಂದೇ. ಸುಮಾರು ಇನ್ನೂರು ವರ್ಷಗಳ ಹಿಂದೆ ಗೌಡನೊಬ್ಬ ಹೊಲ ಉಳುತ್ತಿರಲು ನೇಗಿಲಿಗೆ ಏನೋ ತಗುಲಿತು. ಮಣ್ಣು ಕೆದಕಿ ನೋಡಿದರೆ ಮರದ ಒಂದು ವಿಗ್ರಹ. ಅದು ಯಾರದೆಂದು ತಿಳಿಯದ ಆತ ಬೊಂಬೆಯೆಂದು ಬಗೆದು ಮನೆಗೆ ತಂದು ಮಕ್ಕಳ ಕೈಗೆ ಕೊಟ್ಟ, ಮಕ್ಕಳು ಆಡಿಕೊಂಡರು. ಇರುಳಿನ ಕನಸಿನಲ್ಲಿ ಸಂನ್ಯಾಸಿಯ ವೇಷದ ಒಬ್ಬಾತ ಬಂದು ತನಗೆ ನೆಲೆ ಮಾಡಿಕೊಡೆಂದು ಕೇಳಿದ. ಆ ಮಾತನ್ನು ಉದಾಸೀನ ಮಾಡಿದ ಮೇಲೆ ಮನೆಗೆ ಕಷ್ಟಗಳು ಬಂದವು. ಕಡೆಗೆ ಗೌಡ ಹೆದರಿ, ನಂಬಿ, ಸಣ್ಣದೊಂದು ಗುಡಿ ಕಟ್ಟಿಸಿ ವಿಗ್ರಹವನ್ನು ಅದರಲ್ಲಿಟ್ಟು ಪೂಜಿಸತೊಡಗಿದ. ಆ ವಿಗ್ರಹ ಸಂತ ಅಂತೋಣಿಯದೆಂದು ಗುರುತು ಬಲ್ಲವರು ಬಂದು ಹೇಳಿದುದು ಆ ಬಳಿಕ. ಹೆಸರು ತಿಳಿಯುವ ಮೊದಲೇ ಭಕ್ತಿ ಹುಟ್ಟಿತ್ತೆಂಬುದು ಈ ಐತಿಹ್ಯದ ವಿಶೇಷ.

ಇದು ಚರಿತ್ರೆಯೋ ಐತಿಹ್ಯವೋ ಎಂದು ವಾದಿಸುವುದಕ್ಕಿಂತ, ಇದರ ನಡೆ ಎಷ್ಟು ಅಚ್ಚಕನ್ನಡದ ನಡೆಯೆಂಬುದನ್ನು ಗಮನಿಸುವುದು ಲೇಸು. ಹುತ್ತದ ಮೇಲೆ ಹಸು ಹಾಲು ಕರೆದು ಲಿಂಗ ಕಾಣಿಸಿಕೊಂಡ ಕಥೆ, ಗುದ್ದಲಿ ತಾಗಿ ಕಲ್ಲಿನಿಂದ ನೆತ್ತರು ಒಸರಿದ ಕಥೆ, ಕನಸಿನಲ್ಲಿ ಬಂದು ಗುಡಿ ಕಟ್ಟಿಸೆಂದ ಅಮ್ಮನ ಕಥೆ, ಇವುಗಳಲ್ಲಿ ಒಂದಿಲ್ಲದ ಊರು ನಮ್ಮಲ್ಲಿ ವಿರಳ. ಪರದೇಶದ ಸಂತನು ಈ ನೆಲದಲ್ಲಿ ಒಕ್ಕಲಾಗಬೇಕಾದರೆ ಈ ನೆಲದ ದೇವರುಗಳು ತುಳಿದ ಹಾದಿಯಲ್ಲಿಯೇ ಬರಬೇಕಾಯಿತು. ಇನ್ನೂ ಒಂದು ಸ್ವಾರಸ್ಯವಿದೆ. ಜಗತ್ತಿನಾದ್ಯಂತ ಅಂತೋಣಿಯವರು ಪ್ರಸಿದ್ಧರಾಗಿರುವುದು ಕಳೆದುಹೋದ ವಸ್ತುಗಳನ್ನು ದೊರಕಿಸಿಕೊಡುವ ಸಂತರೆಂದು. ಅಂಥವರು ತಾವೇ ಮಣ್ಣಿನಲ್ಲಿ ಕಳೆದುಹೋಗಿದ್ದು, ಅವರನ್ನು ಹುಡುಕದೆಯೇ ಇದ್ದ ಒಬ್ಬ ಒಕ್ಕಲಿಗನಿಗೆ ದೊರೆತರು. ಹೀಗೆ ಕಳೆದು ದೊರೆಯುವುದು ಅವರಿಗೆ ಇದೊಂದೇ ಸಲವೂ ಅಲ್ಲ. ಯೂರೋಪಿನ ಅತಿ ಪ್ರಸಿದ್ಧವಾದ ಅವರ ಚಿತ್ರವೊಂದರಲ್ಲಿಯೂ ಅವರಿಗೆ ಅದೇ ಗತಿಯಾಯಿತು. ಡೋರನಹಳ್ಳಿಯ ವಿಗ್ರಹದ ಮುಂದೆ ನಿಂತವನಿಗೆ ಆ ಚಿತ್ರವೂ, ಆ ಚಿತ್ರವನ್ನು ಬಲ್ಲವನಿಗೆ ಡೋರನಹಳ್ಳಿಯೂ ಹೆಚ್ಚು ಅರ್ಥವಾಗುತ್ತವೆಂಬುದೇ ಈ ಲೇಖನದ ಅಭಿಪ್ರಾಯ.

ಮೊದಲು ಸಂತರ ವಿಚಾರ. 1195ರಲ್ಲಿ ಲಿಸ್ಬನ್ ನಗರದ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿ ಫರ್ನಾಂಡೊ ಎಂಬ ಹೆಸರು ಹೊತ್ತ ಬಾಲಕ ಎಳೆಯ ವಯಸ್ಸಿನಲ್ಲಿಯೇ ಮಠವನ್ನು ಸೇರಿ ಶಾಸ್ತ್ರಾಧ್ಯಯನದಲ್ಲಿ ಪಾರಂಗತನಾದನು. ಮೊರಾಕೊ ದೇಶದಲ್ಲಿ ಪ್ರಾಣ ತೆತ್ತ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಅವಶೇಷಗಳು ತಾನಿದ್ದ ಮಠದ ಊರಿಗೆ ಬಂದುದನ್ನು ಕಂಡು ಮನಸ್ಸು ಕದಲಿ, 1220ರಲ್ಲಿ ಆ ಬಡ ಸಂನ್ಯಾಸಿಗಳ ಪಂಗಡವನ್ನು ಸೇರಿ ಅಂತೋಣಿಯೆಂಬ ಹೆಸರನ್ನು ತಳೆದನು. ಅಸ್ಸೀಸಿಯ ಸಂತ ಫ್ರಾನ್ಸಿಸರು ಇನ್ನೂ ಬದುಕಿದ್ದ ಕಾಲವದು. ಒರಟು ನಿಲುವಂಗಿ, ಸೊಂಟಕ್ಕೆ ಬಿಗಿದ ಹಗ್ಗ, ಆ ಹಗ್ಗದಲ್ಲಿ ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆಗಳೆಂಬ ಮೂರು ವ್ರತಗಳಿಗೆ ಮೂರು ಗಂಟು, ಇಷ್ಟೇ ಅವರ ಆಸ್ತಿ. ಅಂತೋಣಿಯವರ ವಾಗ್ಮಿತೆ ಎಂಥದೆಂದರೆ, ಮನುಷ್ಯರು ಕಿವಿಗೊಡದಿದ್ದಾಗ ರಿಮಿನಿಯ ಕಡಲ ಮೀನುಗಳು ನೀರಿನಿಂದ ತಲೆಯೆತ್ತಿ ಕೇಳಿದುವೆಂದು ಕಥೆ ಹುಟ್ಟಿತು. 1231ರ ಜೂನ್ 13ರಂದು, ಇನ್ನೂ ನಲವತ್ತು ತುಂಬದ ವಯಸ್ಸಿನಲ್ಲಿ, ಪಾದುವಾ ನಗರದ ಹೊರವಲಯದಲ್ಲಿ ಅವರು ಕಾಲವಾದರು. ಒಂದು ವರ್ಷ ತುಂಬುವುದಕ್ಕೆ ಮುಂಚೆಯೇ, 1232ರ ಮೇ 30ರಂದು, ಪೋಪ್ ಒಂಬತ್ತನೆಯ ಗ್ರೆಗರಿ ಅವರಿಗೆ ಸಂತ ಪದವಿಯನ್ನಿತ್ತರು. ಅವರ ದೇಹವನ್ನು ಸಮಾಧಿ ಮಾಡಿದ ದಿನ ಮಂಗಳವಾರವಾದುದರಿಂದ ಇಂದಿಗೂ ಮಂಗಳವಾರ ಅವರ ವಾರ. ತಮ್ಮ ಕೈಬರಹದ ಟಿಪ್ಪಣಿಗಳುಳ್ಳ ಕೀರ್ತನೆಗಳ ಪುಸ್ತಕವನ್ನು ಮಠದ ಹುಡುಗನೊಬ್ಬ ಕೊಂಡೊಯ್ದಾಗ ಅವರು ಪ್ರಾರ್ಥಿಸಿದರೆಂದೂ, ಹುಡುಗ ಮನಸ್ಸು ತಿರುಗಿ ಪುಸ್ತಕವನ್ನು ಮರಳಿಸಿದನೆಂದೂ ಹೇಳುವ ಕಥೆಯೇ ಕಳೆದ ವಸ್ತುಗಳಿಗೂ ಅವರಿಗೂ ಇರುವ ನಂಟಿಗೆ ಮೂಲ.

ಚಿತ್ರಗಾರರಿಗೆ ಪ್ರಿಯವಾದ ಕಥೆ ಮತ್ತೊಂದು. ಸಂತರು ಪಾದುವಾ ಬಳಿಯ ಒಬ್ಬ ಶ್ರೀಮಂತನ ಮನೆಯಲ್ಲಿ ಬಿಡಾರ ಮಾಡಿದ್ದಾಗ, ರಾತ್ರಿ ಅವರ ಕೋಣೆಯಿಂದ ಹೊಮ್ಮಿದ ಬೆಳಕನ್ನು ಕಂಡ ಯಜಮಾನ ಮರೆಯಲ್ಲಿ ನಿಂತು ಇಣಿಕಿ ನೋಡಲು, ಬಾಲಯೇಸು ಅವರ ತೋಳಿನಲ್ಲಿ ನಲಿಯುತ್ತಿತ್ತಂತೆ. ಈ ದರ್ಶನವನ್ನು ಕಂಡು ಲೋಕಕ್ಕೆ ಹೇಳಿದವರು ಸಂತರಲ್ಲ, ಸಂದಿಯಿಂದ ಇಣಿಕಿದ ಗೃಹಸ್ಥ. ಉಡುಪಿಯ ಕನಕನ ಕಿಂಡಿಯನ್ನು ಬಲ್ಲ ನಮಗೆ, ಕಿಂಡಿಯೂ ದರ್ಶನಕ್ಕೆ ಒಂದು ಬಾಗಿಲೆಂಬುದನ್ನು ಬೇರೆಯವರು ಬಂದು ಹೇಳಬೇಕಾಗಿಲ್ಲ.

ಈ ಕಥೆಯನ್ನು ಸ್ಪೇನ್ ದೇಶದ ಸೆವಿಲ್ಲೆ ನಗರದ ಮಹಾದೇವಾಲಯಕ್ಕಾಗಿ 1656ರಲ್ಲಿ ಚಿತ್ರಿಸಿದವನು ಬಾರ್ತೊಲೊಮೆ ಎಸ್ತೆಬಾನ್ ಮುರಿಲ್ಲೊ. ಆ ವರ್ಷ ಶ್ರೀರಂಗಪಟ್ಟಣದ ಸಿಂಹಾಸನದಲ್ಲಿ ಕಂಠೀರವ ನರಸರಾಜ ಒಡೆಯರಿದ್ದರು. ಇಟಲಿಯಿಂದ ಬಂದ ಜೆಸುಯಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಕಾವಿಯ ವೇಷ ತೊಟ್ಟು, ಕನ್ನಡ ಕಲಿತು, ಅವರ ರಾಜ್ಯದಲ್ಲಿ ಕ್ರೈಸ್ತಧರ್ಮದ ಪ್ರಚಾರವನ್ನು ತೊಡಗಿ ಇನ್ನೂ ಹತ್ತು ವರ್ಷವೂ ತುಂಬಿರಲಿಲ್ಲ. ಮುರಿಲ್ಲೊ ಹತ್ತರ ಪ್ರಾಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಕ್ಕನ ಮನೆಯಲ್ಲಿ ಬೆಳೆದವನು. ಈ ಚಿತ್ರಕ್ಕೆ ಏಳು ವರ್ಷ ಮುಂಚೆ, 1649ರಲ್ಲಿ, ಸೆವಿಲ್ಲೆಗೆ ಬಡಿದ ಮಹಾಮಾರಿ ಊರಿನ ಅರ್ಧದಷ್ಟು ಜನರನ್ನು ಕೊಂಡೊಯ್ದಿತ್ತು. ಬೀದಿಗಳಲ್ಲಿ ಅನಾಥ ಮಕ್ಕಳು ತುಂಬಿದ್ದರು. ಹೇನು ಹೆಕ್ಕುತ್ತ ಬಿಸಿಲಿನಲ್ಲಿ ಕುಳಿತ ಭಿಕ್ಷುಕ ಬಾಲಕನನ್ನು ಚಿತ್ರಿಸಿದ ಕೈಯೇ ದೇವದೂತರ ಕೆನ್ನೆಗಳನ್ನೂ ಚಿತ್ರಿಸಿತು. ಆ ಚಿತ್ರದ ಮೋಡಗಳಲ್ಲಿ ತೇಲುವ ಎಳೆಯರು ಎಲ್ಲಿಂದಲೋ ಇಳಿದುಬಂದವರಂತೆ ಕಾಣದೆ ನೆರೆಮನೆಯ ಮಕ್ಕಳಂತೆ ಕಾಣುವುದು ಇದರಿಂದಲೇ ಇರಬೇಕು.

ಚಿತ್ರವನ್ನು ಹತ್ತಿರದಿಂದ ನೋಡೋಣ. ಸುಮಾರು 18 ಅಡಿ ಎತ್ತರದ, ಹತ್ತಡಿಗೂ ಮೀರಿದ ಅಗಲದ ಕ್ಯಾನ್ವಾಸು. ಅದರ ಮುಂದೆ ನಿಂತ ಮನುಷ್ಯ ತಾನೇ ಕತ್ತೆತ್ತಬೇಕು. ಕೆಳಗಡೆ ಮಬ್ಬುಗತ್ತಲೆಯ ಕೋಣೆ. ಅಲ್ಲಿ ಮೊಣಕಾಲೂರಿದ ಸಂತರು ಎರಡು ತೋಳುಗಳನ್ನೂ ಚಾಚಿ ಮುಖವನ್ನು ಮೇಲೆತ್ತಿದ್ದಾರೆ. ಬಳಿಯ ಮೇಜಿನ ಮೇಲೆ ಹೂದಾನಿಯಲ್ಲಿ ಬಿಳಿಯ ಲಿಲ್ಲಿ ಹೂಗಳು. ಆ ಹೂಗಳು ಸಂತರ ಶುಚಿತ್ವದ ಕುರುಹು; ಹಕ್ಕಿಗಳು ನಿಜವಾದ ಹೂಗಳೆಂದು ಮೋಸಹೋಗಿ ಅವುಗಳ ಮೇಲೆ ಕುಳಿತುಕೊಳ್ಳಲು ಬರುತ್ತಿದ್ದವೆಂದು ಸೆವಿಲ್ಲೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಒಂದು ಪಕ್ಕದಲ್ಲಿ ತೆರೆದ ಬಾಗಿಲು. ಅದರಾಚೆ ಮಠದ ಕಂಬಗಳೂ ಅಂಗಳದ ಸಾಧಾರಣ ಹಗಲೂ ಕಾಣುತ್ತವೆ. ಮೇಲ್ಗಡೆಯಲ್ಲಾದರೋ ಛಾವಣಿಯೇ ಕರಗಿಹೋಗಿ ಹೊಂಬಣ್ಣದ ಮೋಡ ತೆರೆದುಕೊಂಡಿದೆ; ಅದರ ನಡುವೆ, ಸುತ್ತ ದೇವದೂತರ ಮಾಲೆಯೊಡನೆ, ಬಾಲಯೇಸು ಇಳಿದು ಬರುತ್ತಿದ್ದಾನೆ. ಹೀಗೆ ಇಲ್ಲಿ ಎರಡು ಬೆಳಕುಗಳಿವೆ. ಬಾಗಿಲಾಚೆಯದು ಲೋಕದ ಬೆಳಕು; ಮೇಲಿನದು ಲೋಕೋತ್ತರವಾದದ್ದು. ಬಾಗಿಲ ಬೆಳಕನ್ನು ಸಂತರು ತಿರುಗಿಯೂ ನೋಡರು.

ಈ ಶೈಲಿಗೆ ಕಲಾಚರಿತ್ರಕಾರರು ಕೊಟ್ಟಿರುವ ಹೆಸರು ಬರೋಕ್. ದುಂಡಗಿಲ್ಲದ ಸೊಟ್ಟ ಮುತ್ತಿಗೆ ಪೋರ್ಚುಗೀಸರು ಹೇಳುತ್ತಿದ್ದ ಮಾತಿನಿಂದ ಬಂದ ಈ ಹೆಸರು ಮೊದಲಿಗೆ ಹಳಿಯುವ ಮಾತಾಗಿತ್ತು. ಆಮೇಲೆ ಹದಿನೇಳನೆಯ ಶತಮಾನದ ಯೂರೋಪಿನ ಕಲೆಗೆಲ್ಲ ಹೆಸರಾಯಿತು. ಇದರ ಹಿಂದೆ ಒಂದು ಧಾರ್ಮಿಕ ಸಂಘರ್ಷವುಂಟು. ವಿಗ್ರಹಗಳೂ ಚಿತ್ರಗಳೂ ಸಂತರ ಪೂಜೆಯೂ ಸಲ್ಲವೆಂದು ಪ್ರಾಟೆಸ್ಟೆಂಟರು ಖಂಡಿಸಿದಾಗ, ಟ್ರೆಂಟ್ ನಗರದಲ್ಲಿ ಸೇರಿದ ಕಥೋಲಿಕ ಮಹಾಸಭೆ 1563ರಲ್ಲಿ ಅದಕ್ಕೆ ಉತ್ತರ ಕೊಟ್ಟಿತು: ಚಿತ್ರಕ್ಕೆ ಸಲ್ಲಿಸಿದ ಗೌರವ ಬಣ್ಣಕ್ಕಾಗಲಿ ಮರಕ್ಕಾಗಲಿ ಸಲ್ಲದೆ ಅದು ಯಾರನ್ನು ತೋರಿಸುವುದೋ ಅವರಿಗೆ ಸಲ್ಲುವುದು, ಓದುಬಾರದ ಜನಕ್ಕೆ ಚಿತ್ರವೇ ಬೋಧೆ. ಪ್ರತೀಕೋಪಾಸನೆಯ ಈ ತರ್ಕ ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದ ತರ್ಕವೇ ಆಗಿದೆ. ಆ ನಿರ್ಣಯದ ತರುವಾಯ ಚಿತ್ರಗಾರನ ಹೊಣೆ ಬದಲಾಯಿತು. ಸಂತನೆಂದರೆ ಇಂಥವನೆಂದು ಗುರುತು ತೋರಿಸಿ ಬಿಟ್ಟರೆ ಸಾಲದು. ನೋಡುವವನ ಎದೆ ಕರಗಬೇಕು. ಆದುದರಿಂದಲೇ ಬರೋಕ್ ಚಿತ್ರಗಾರ ಸಂತನ ಜೀವನದಲ್ಲಿ ಅತ್ಯಂತ ಉತ್ಕಟವಾದ ಕ್ಷಣವೊಂದನ್ನು ಆರಿಸಿಕೊಂಡು, ಕತ್ತಲೆಯ ನಡುವೆ ಬೆಳಕನ್ನು ಸುರಿದು, ದೇಹವನ್ನು ಓರೆಯಾಗಿ ಬಾಗಿಸಿ, ಕಣ್ಣಿನ ನೀರನ್ನೂ ಹಿಮ್ಮಡಿಯ ಮಣ್ಣನ್ನೂ ಮರೆಮಾಡದೆ ಚಿತ್ರಿಸಿದ.

ಬೆಳಕಿನ ಮಾತು ಬಂದುದರಿಂದ ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಳನ್ನು ನೆನೆಯಬಹುದು. ಪಟ್ಟಾಭಿರಾಮನನ್ನೋ ರಾಜರಾಜೇಶ್ವರಿಯನ್ನೋ ಬರೆಯುವ ನಮ್ಮ ಚಿತ್ರಗಾರರು ಸಫೇದ, ರೇವಲಚಿನ್ನಿ, ಅಂಟುಗಳನ್ನು ಕಲಸಿದ ಲೇಪದಿಂದ ಆಭರಣಗಳನ್ನು ಉಬ್ಬಿಸಿ, ಅದರ ಮೇಲೆ ಬಂಗಾರದ ರೇಕನ್ನು ಅಂಟಿಸುತ್ತಿದ್ದರು. ಅಲ್ಲಿ ಬೆಳಕು ನಿಜವಾದ ಚಿನ್ನದ ಬೆಳಕು. ದೀಪ ಹಿಡಿದರೆ ಅದು ದೀಪದೊಡನೆ ಮಿನುಗುತ್ತದೆ. ಚಿತ್ರದೊಳಗೆ ಎಲ್ಲಿಂದಲೂ ನೆರಳು ಬೀಳುವುದಿಲ್ಲ, ಏಕೆಂದರೆ ದೇವರ ಸನ್ನಿಧಿಯಲ್ಲಿ ಹೊತ್ತು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮುರಿಲ್ಲೊವಿನ ಹೊಂಬೆಳಕಿನಲ್ಲಾದರೋ ಚಿನ್ನದ ಗುಲಗಂಜಿಯೂ ಇಲ್ಲ. ಎಣ್ಣೆಯಲ್ಲಿ ಅರೆದ ಹಳದಿ ಮಣ್ಣು, ಬಿಳಿ, ಕಂದುಬಣ್ಣಗಳನ್ನು ತೆಳುವಾಗಿ ಒಂದರ ಮೇಲೊಂದು ಸವರಿ, ಅಂಚುಗಳು ಹೊಗೆಯಂತೆ ಕರಗುವ ಹಾಗೆ ಮಾಡಿ, ಸುತ್ತಲಿನ ಕತ್ತಲೆಯ ಬಲದಿಂದಲೇ ಅವನು ಆ ಬೆಳಕನ್ನು ಹೊಮ್ಮಿಸಿದ. ಮೈಸೂರು ಚಿತ್ರದಲ್ಲಿ ದೇವರು ಪೀಠದಲ್ಲಿ ನೆಲಸಿದ್ದಾನೆ, ಭಕ್ತ ಹೋಗಿ ನೋಡಬೇಕು. ಮುರಿಲ್ಲೊವಿನ ಚಿತ್ರದಲ್ಲಿ ದೇವರು ಈಗತಾನೆ ಬರುತ್ತಿದ್ದಾನೆ. ಇವೆರಡರಲ್ಲಿ ಹೆಚ್ಚುಕಡಿಮೆಯಿಲ್ಲ, ಒಂದು ಸನ್ನಿಧಿಯ ಚಿತ್ರ, ಇನ್ನೊಂದು ಆಗಮನದ ಚಿತ್ರ.

ಆ ಆಗಮನದಲ್ಲಿಯೇ ಮುರಿಲ್ಲೊವಿನ ಜಾಣ್ಮೆಯೆಲ್ಲ ಇದೆ. ಕಥೆಯ ಪ್ರಕಾರ ಶಿಶು ಸಂತರ ತೋಳನ್ನು ಸೇರಿತ್ತು. ನಮ್ಮೂರುಗಳ ಇಗರ್ಜಿಗಳಲ್ಲಿ ಕಾಣುವ ಅಂತೋಣಿಯವರ ವಿಗ್ರಹಗಳಲ್ಲಿಯೂ ಸಾಮಾನ್ಯವಾಗಿ ಶಿಶು ತೋಳಿನ ಮೇಲೆಯೋ ಪುಸ್ತಕದ ಮೇಲೆಯೋ ಕುಳಿತಿರುತ್ತದೆ. ಮುರಿಲ್ಲೊ ಹಾಗೆ ಮಾಡಲಿಲ್ಲ. ಅವನ ಸಂತರ ಕೈಗಳು ಬರಿದು. ಶಿಶು ಇನ್ನೂ ಮೇಲಿದೆ. ಬರಿಗೈಗೂ ಎಳೆಯ ಪಾದಗಳಿಗೂ ನಡುವೆ ಒಂದು ಅಂತರವಿದೆ. ಸೆವಿಲ್ಲೆಯ ಅಷ್ಟು ದೊಡ್ಡ ಕ್ಯಾನ್ವಾಸಿನ ನಿಜವಾದ ವಸ್ತು ಆ ಅಂತರವೇ. ಯಶೋದೆ ಕೃಷ್ಣನನ್ನು ಎತ್ತಿಕೊಂಡ ಚಿತ್ರಕ್ಕಿಂತ, ಬಾರೆಂದು ಕರೆದು ಕೈಚಾಚಿ ಕುಳಿತ ಚಿತ್ರದಲ್ಲಿ ವಾತ್ಸಲ್ಯದ ಸ್ವರೂಪ ಹೆಚ್ಚು ಬಯಲಾಗುವುದೆಂಬುದನ್ನು ದಾಸರ ಪದಗಳನ್ನು ಕೇಳಿ ಬೆಳೆದ ಯಾವ ಕನ್ನಡಿಗನೂ ಒಪ್ಪಿಯಾನು. ಭಕ್ತಿಯೆಂಬುದು ಪಡೆದುದರ ತೃಪ್ತಿಗಿಂತ ಮಿಗಿಲಾಗಿ ಕಾದಿರುವುದರ ತೀವ್ರತೆಯೆಂದು ಆ ಚಿತ್ರಗಾರ ತಿಳಿದಿದ್ದನು.

ಇನ್ನು ಚಿತ್ರಕ್ಕೆ ಒದಗಿದ ಆಪತ್ತು. 1874ರ ನವೆಂಬರ್ ತಿಂಗಳ ಮೊದಲ ವಾರದ ಒಂದು ರಾತ್ರಿ ಕಳ್ಳನೊಬ್ಬ ದೇವಾಲಯದಲ್ಲಿ ಅಡಗಿದ್ದು, ಮೊಣಕಾಲೂರಿದ ಸಂತರ ಆಕೃತಿಯನ್ನು ಮಾತ್ರ ಕ್ಯಾನ್ವಾಸಿನಿಂದ ಚೂರಿಯಲ್ಲಿ ಕತ್ತರಿಸಿ ಕೊಂಡೊಯ್ದನು. ಬೆಳಗಾದಾಗ ಕಂಡ ನೋಟವನ್ನು ಊಹಿಸಬಹುದು: ಮೇಲೆ ಹೊಂಬೆಳಕು ಹಾಗೆಯೇ ಇದೆ, ದೇವದೂತರಿದ್ದಾರೆ, ಶಿಶು ಇಳಿಯುತ್ತಲೇ ಇದೆ, ಕೆಳಗೆ ಅದನ್ನು ಎತ್ತಿಕೊಳ್ಳಬೇಕಾದ ಭಕ್ತನ ಜಾಗದಲ್ಲಿ ಒಂದು ರಂಧ್ರ! ಭಕ್ತನಿಲ್ಲದ ದೇವರು ಎಷ್ಟು ಅನಾಥನಾಗಿ ಕಾಣುತ್ತಾನೆಂಬುದನ್ನು ಯಾವ ಧರ್ಮಗ್ರಂಥವೂ ಇಷ್ಟು ಸ್ಪಷ್ಟವಾಗಿ ತೋರಿಸಿರಲಾರದು. ಸುದ್ದಿ ದೇಶದೇಶಗಳಿಗೆ ಹಬ್ಬಿತು. 1875ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಚಿತ್ರವ್ಯಾಪಾರಿ ವಿಲಿಯಂ ಶಾಸ್ ಎಂಬವನ ಬಳಿಗೆ ಒಂದು ಚಿತ್ರದ ತುಂಡು ಮಾರಾಟಕ್ಕೆ ಬಂದಿತು. ಅದೇನೆಂಬುದನ್ನು ಗುರುತಿಸಿದ ಆತ 250 ಡಾಲರುಗಳನ್ನು ಕೊಟ್ಟು ಕೊಂಡು, ಸ್ಪೇನಿನ ಕಾನ್ಸುಲ್ ಕಚೇರಿಗೆ ಒಪ್ಪಿಸಿದನು. ಅದೇ ವರ್ಷ ಸಾಲ್ವದೋರ್ ಮಾರ್ತಿನೆಜ್ ಕುಬೆಲ್ಸ್ ಎಂಬ ಕುಶಲಿ ಆ ತುಂಡನ್ನು ಮೂಲ ಕ್ಯಾನ್ವಾಸಿಗೆ ಕೂಡಿಸಿದನು. ಕಳೆದುದನ್ನು ದೊರಕಿಸುವ ಸಂತರು ತಾವೇ ಕಳೆದು, ಕಡಲು ದಾಟಿ, ತಮ್ಮ ಬೆಳಕಿನ ಕೆಳಕ್ಕೆ ಮರಳಿದರು.

ಇಂಥ ಚಿತ್ರಗಳ ಬೆಳಕು ಸೆವಿಲ್ಲೆಯಲ್ಲಿಯೇ ನಿಲ್ಲಲಿಲ್ಲ. ಯೂರೋಪಿನ ತೈಲವರ್ಣದ ರೀತಿಯನ್ನು ಕಲಿತ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ, ಮೋಡಗಳ ನಡುವಿನ ಪ್ರಭೆ, ನೆರಳು ಬೆಳಕಿನಲ್ಲಿ ದುಂಡಗಾದ ತೋಳು, ಜೀವವುಳ್ಳ ಕಣ್ಣುಗಳು ನಮ್ಮ ದೇವರಕೋಣೆಯ ಪಟಗಳಿಗೂ ಬಂದವು. ಹುಣಸೂರಿನ ಅಂಗಡಿಯ ಗೋಡೆಗೆ ತೂಗುಹಾಕಿದ ಲಕ್ಷ್ಮಿಯ ಪಟಕ್ಕೂ, ಡೋರನಹಳ್ಳಿಯಲ್ಲಿ ಮೇಣದ ಬತ್ತಿಯೊಡನೆ ಮಾರುವ ಅಂತೋಣಿಯವರ ಪಟಕ್ಕೂ ಹೀಗೆ ದೂರದ ದಾಯಾದಿತನವಿದೆ. ಎರಡನ್ನೂ ಒಬ್ಬಳೇ ತಾಯಿ ಕೊಂಡು ಒಂದೇ ಗೋಡೆಗೆ ಹಾಕಿದರೆ ಆಕೆ ತಪ್ಪು ಮಾಡಿದಳೆಂದು ಆ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ.

ಹೊಲದ ಮಗ್ಗುಲಿನ ಆ ಸಣ್ಣ ಗುಡಿ ಇಂದು ಬೆಸಿಲಿಕವಾಗಿದೆ. ಬೆಂಗಳೂರಿನ ಸಂತ ಮರಿಯಮ್ಮನವರ ದೇವಾಲಯಕ್ಕೂ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯಕ್ಕೂ ಮೊದಲೇ ಸಂದಿದ್ದ ಈ ಗೌರವವನ್ನು ಪೋಪ್ ಫ್ರಾನ್ಸಿಸ್ 2019ರಲ್ಲಿ ಡೋರನಹಳ್ಳಿಗೂ ಕೊಟ್ಟರು. ಜೂನ್ 13ರ ಹಬ್ಬಕ್ಕೆ ಮೈಸೂರು, ಮಂಡ್ಯ, ಕೊಡಗುಗಳಿಂದ ಮಾತ್ರವಲ್ಲದೆ ತಮಿಳುನಾಡು, ಕೇರಳಗಳಿಂದಲೂ ಜನ ಬರುತ್ತಾರೆ. ಬಂದವರಲ್ಲಿ ಕ್ರೈಸ್ತರೆಷ್ಟು, ಹಿಂದೂಗಳೆಷ್ಟೆಂದು ಎಣಿಸುವ ಗೊಡವೆ ಅಲ್ಲಿ ಯಾರಿಗೂ ಇಲ್ಲ. ಕಳೆದ ಎತ್ತಿಗಾಗಿ, ಓಡಿಹೋದ ಮಗನಿಗಾಗಿ, ಹುಟ್ಟದ ಕೂಸಿಗಾಗಿ ಅವರು ವಿಗ್ರಹದ ಮುಂದೆ ಕೈಚಾಚಿ ನಿಲ್ಲುತ್ತಾರೆ. ಚಿತ್ರದಲ್ಲಿ ಅಂತೋಣಿಯವರು ಇರುವ ಜಾಗ ಯಾವುದೋ ಆ ಜಾಗದಲ್ಲಿ ಇಲ್ಲಿ ಜನ ನಿಂತಿದ್ದಾರೆ. ಮುಖ ಮೇಲಕ್ಕೆ, ಕೈಗಳು ಬರಿದು, ನಡುವೆ ಅದೇ ಅಂತರ. ಮುರಿಲ್ಲೊ ಬಣ್ಣದಲ್ಲಿ ಬರೆದುದನ್ನು ಅವರು ಪ್ರತಿ ವಾರವೂ ತಮ್ಮ ದೇಹದಿಂದ ಬರೆಯುತ್ತಾರೆ.

ಬೈಲುಕುಪ್ಪೆಯ ಬುದ್ಧನನ್ನೂ ಚುಂಚನಕಟ್ಟೆಯ ನೀರನ್ನೂ ನೋಡಲು ಹೊರಟ ಓದುಗರು ಡೋರನಹಳ್ಳಿಯಲ್ಲಿಯೂ ಒಂದು ಗಳಿಗೆ ಇಳಿಯಲಿ. ಬಿಡುವಾಗಿ ನೋಡಬೇಕೆನ್ನುವವರು ಬೇರೆ ವಾರ ಹೋಗಬಹುದು. ಬರೋಕ್ ಚಿತ್ರಗಾರರು ಯಾವ ಕೈಗಳನ್ನು ನೋಡಿ ಬರೆದರೆಂದು ತಿಳಿಯಬೇಕೆನ್ನುವವರು, ನೂಕುನುಗ್ಗಲಾದರೂ ಸರಿಯೆ, ಮಂಗಳವಾರವೇ ಹೋಗಬೇಕು.